ಆ ರಿಪೋರ್ಟನ್ನು ಮರೆಯದೆ ತಾ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಐದನೆಯ ತಿಂಗಳಲ್ಲಿ ಮಾಡಿಸಿದ ಮೂತ್ರದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಂಡಿತ್ತೆಂದೂ, ಮಾತ್ರೆ ತೆಗೆದುಕೊಂಡ ಮೇಲೆ ವಾಸಿಯಾಯಿತೆಂದೂ ಫೋನಿನಲ್ಲಿ ಹೇಳಿದೆಯಲ್ಲ, ಹೆರಿಗೆ ವಾರ್ಡಿನಲ್ಲಿ 28 ವರ್ಷ ದುಡಿದ ನನಗೆ ಅಂದಿನಿಂದ ಸಮಾಧಾನವಿಲ್ಲ.

ಇದು ನಿನ್ನ ತಪ್ಪಿನಿಂದಲೋ ಕೊಳಕಿನಿಂದಲೋ ಬಂದದ್ದಲ್ಲ. ಎಷ್ಟೋ ಹೆಂಗಸರ ಕರುಳಿನಲ್ಲಿಯೂ ಯೋನಿಯಲ್ಲಿಯೂ ಯಾವ ತೊಂದರೆ ಕೊಡದೆ ಇರುವ ಬ್ಯಾಕ್ಟೀರಿಯಾ. ಮಾತ್ರೆಯಿಂದ ಮೂತ್ರದ ಸೋಂಕು ಹೋದರೂ ಕರುಳಿನಲ್ಲಿ ಉಳಿದದ್ದು ಮತ್ತೆ ಹರಡಿಕೊಳ್ಳಬಹುದು, ಹೆರಿಗೆಯಲ್ಲಿ ಕೂಸಿಗೂ ತಗಲಬಹುದು. ಆದ್ದರಿಂದ ಈ ಬಸಿರಿನಲ್ಲಿ ಒಮ್ಮೆ ಮೂತ್ರದಲ್ಲಿ ಕಂಡವರಿಗೆ, 36ನೆಯ ವಾರದ ಸ್ವಾಬ್ ಪರೀಕ್ಷೆಗೆ (ಹತ್ತಿಕಡ್ಡಿಯಿಂದ ಒರೆಸಿ ತೆಗೆದು ನೋಡುವುದು) ಕಾಯದೆ, ಹೆರಿಗೆಯ ಹೊತ್ತಿನಲ್ಲಿ ಪೆನ್ಸಿಲಿನ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಮಗು ಹುಟ್ಟುವುದಕ್ಕೆ ಕನಿಷ್ಠ ನಾಲ್ಕು ಗಂಟೆ ಮೊದಲು ಮೊದಲ ಡೋಸ್ ಹೋಗಿದ್ದರೆ ಒಳ್ಳೆಯದು. ನೋವು ಬಲಿಯಲಿ ಎಂದು ನಿನ್ನಜ್ಜಿ ಹೇಳಿದರೂ ಕಾಯಬೇಡ. ನೋವು ಶುರುವಾದ ಕೂಡಲೇ, ನೋವಿಲ್ಲದೆ ನೀರು ಹೋದರೂ ಸರಿ, ಆಸ್ಪತ್ರೆಗೆ ಹೊರಡು. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಸಾವಿರ ಹೆರಿಗೆಗೆ ಸುಮಾರು 1.8 ಕೂಸುಗಳಿಗೆ ಮೊದಲ ವಾರದಲ್ಲೇ ಬರುತ್ತಿದ್ದ ಈ ಸೋಂಕು 2015ರ ಹೊತ್ತಿಗೆ ಸುಮಾರು 0.23ಕ್ಕೆ ಇಳಿದದ್ದು ಮುಖ್ಯವಾಗಿ ಈ ಚಿಕಿತ್ಸೆಯಿಂದಲೇ. ನೋವು ಬರುವ ಮೊದಲೇ, ನೀರೂ ಹೋಗದೆ, ಸಿಸೇರಿಯನ್ ಆದರೆ ಮಾತ್ರ ಇದರ ಅಗತ್ಯವಿಲ್ಲ. ಚಿಕ್ಕಂದಿನಲ್ಲಿ ಪೆನ್ಸಿಲಿನ್ ಚುಚ್ಚಿದಾಗ ನಿನ್ನ ಮೈಮೇಲೆ ದದ್ದೆದ್ದ ನೆನಪು ನನಗಿದೆ. ಅಮ್ಮನನ್ನು ಕೇಳಿ ಖಚಿತಪಡಿಸಿಕೊಂಡು ಡಾಕ್ಟರಿಗೆ ಈಗಲೇ ತಿಳಿಸಿದರೆ, ಬೇರೆ ಔಷಧ ಬೇಕೇ ಎಂದು ಅವರು ಮೊದಲೇ ತೀರ್ಮಾನಿಸುತ್ತಾರೆ.

ನನ್ನ ಭಯವೆಲ್ಲ ನೀನು ಪುಣೆಯಿಂದ ತವರಿಗೆ ಬರುವಾಗ ಈ ಸಂಗತಿ ಅಲ್ಲೇ ಉಳಿದುಬಿಡುತ್ತದೆಂಬುದು. ಹೀಗೆಯೇ ತವರಿಗೆ ಬಂದಿದ್ದ ಒಬ್ಬಳ ರಿಪೋರ್ಟ್ ಗಂಡನ ಮನೆಯ ಬೀರುವಿನಲ್ಲಿತ್ತು, ನಮಗಾರಿಗೂ ತಿಳಿಯಲಿಲ್ಲ. ತುಂಬು ತಿಂಗಳ, ಚೆನ್ನಾಗಿ ಅತ್ತ ಗಂಡುಮಗು; ಆರು ಗಂಟೆಯಾಗುವಷ್ಟರಲ್ಲಿ ಮೊಲೆ ಬಾಯಿಗಿಟ್ಟರೂ ಹೀರಲಿಲ್ಲ, ಒಂದೊಂದು ಉಸಿರಿಗೂ ಸಣ್ಣಗೆ ನರಳುತ್ತಿತ್ತು, ಅಂಗಾಲು ತಣ್ಣಗಿತ್ತು. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಹಲವು ದಿನ ಇದ್ದು ಬದುಕಿತು. ಆ ನರಳಿಕೆ ಇನ್ನೂ ನನ್ನ ಕಿವಿಯಲ್ಲಿದೆ.

ಇಂಜೆಕ್ಷನ್ ಕೊಟ್ಟ ಮೇಲೂ ಕೂಸಿನ ಮೇಲೆ ಕಣ್ಣಿರಲಿ. ಈ ಸೋಂಕು ಬಂದರೆ ಹೆಚ್ಚಾಗಿ ಮೊದಲ ದಿನವೇ ಬರುತ್ತದೆ. ಆದರೆ ಮೂರು ತಿಂಗಳವರೆಗೂ ಬರಬಹುದಾದ ಇನ್ನೊಂದು ಬಗೆಯುಂಟು, ಅದನ್ನು ಈ ಇಂಜೆಕ್ಷನ್ ತಡೆಯುವುದಿಲ್ಲ. ಹಾಲಿಗೂ ಏಳದೆ ಮಲಗಿದ್ದರೆ ಮನೆಯವರು ಎಷ್ಟು ಒಳ್ಳೆಯ ಮಗು ಎನ್ನುತ್ತಾರೆ, ನೀನು ಹಾಗೆಂದುಕೊಳ್ಳಬೇಡ. ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ಏರುಪೇರಾದರೆ, ಬಜೆ ತೇಯ್ದು ನೆಕ್ಕಿಸುತ್ತಾ ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಡಾಕ್ಟರ ಬಳಿಗೆ ಒಯ್ಯಬೇಕು. ಎದೆಹಾಲನ್ನು ಇದಕ್ಕಾಗಿ ನಿಲ್ಲಿಸಬೇಕಾಗಿಲ್ಲ.

ಇವತ್ತೇ ಆ ರಿಪೋರ್ಟಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ಎರಡು ಪ್ರತಿ ತೆಗೆಸಿ ಒಂದನ್ನು ನಿನ್ನಮ್ಮನ ಕೈಗೆ ಕೊಡುತ್ತೇನೆ, ಇನ್ನೊಂದು ನನ್ನ ಚೀಲದಲ್ಲಿರುತ್ತದೆ. ಮೂಲಪ್ರತಿಯನ್ನು ನೀನೇ ತಾ.

ಇಂತು ನಿನ್ನ ದೊಡ್ಡಮ್ಮ