ಫ್ಯೂಸ್ ಸುಟ್ಟರೆ ದೊಡ್ಡದನ್ನು ಹಾಕಬೇಡಿ

ಮಾನ್ಯ ಸಂಪಾದಕರೇ,

ಹಳೆಯ ರೇಡಿಯೊ, ಟೇಪ್ ರೆಕಾರ್ಡರ್‌ಗಳನ್ನು ರಿಪೇರಿ ಮಾಡಿ ಮತ್ತೆ ಹಾಡಿಸುವವರ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಇಲ್ಲಿಂದಲೇ ಇ-ಪತ್ರಿಕೆಯಲ್ಲಿ ಓದಿದೆ. ಇಂಥ ವಿಷಯಕ್ಕೂ ಜಾಗ ಕೊಟ್ಟಿದ್ದೀರೆಂದು ಸಂತೋಷವಾಯಿತು. ಆದರೆ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಸ್ವಲ್ಪ ಹೆಚ್ಚು ಆಂಪಿಯರ್‌ನದನ್ನು ಹಾಕಿ ನೋಡಬಹುದು ಎಂಬ ಸಲಹೆಯೂ ಅದರಲ್ಲಿದೆ. ಅದನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸಿದವನು. ಫ್ಯೂಸ್ ನಿಲ್ಲುತ್ತಿಲ್ಲವೆಂದು ದಪ್ಪ ತಾಮ್ರದ ತಂತಿ ಸುತ್ತಿ, ಕೊನೆಗೆ ಪಂಪ್‌ಸೆಟ್ಟಿನ ಮೋಟಾರನ್ನೇ ಕರಕಲು ಮಾಡಿಕೊಂಡು ಬರುತ್ತಿದ್ದ ರೈತರನ್ನು ಬೇಕಾದಷ್ಟು ನೋಡಿದ್ದೇನೆ. ಈಗ ಶಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅದೇ ಕೆಲಸವನ್ನು ಇಲ್ಲಿಯೂ ಯಾರೋ ಮಾಡಿಟ್ಟಿದ್ದರು.

ಅಳಿಯಂದಿರು ಹಳೆಯ ಪಿನ್‌ಬಾಲ್ ಯಂತ್ರವೊಂದನ್ನು ಕೊಂಡು ತಂದು ನನಗೆ ಒಪ್ಪಿಸಿದರು. 1977ರ 'ಎಯ್ಟ್ ಬಾಲ್', ಬ್ಯಾಲಿ ಕಂಪನಿಯದು. ಗಾಜಿನ ಕೆಳಗೆ ಓರೆಯಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಗುಂಡನ್ನು ಹೊಡೆದು ಮೇಲಕ್ಕೆ ಕಳಿಸುವ ಫ್ಲಿಪ್ಪರ್‌ಗಳು. ಬ್ಯಾಲಿ, ಗಾಟ್‌ಲೀಬ್, ವಿಲಿಯಮ್ಸ್ ಮೂರೂ ಶಿಕಾಗೊದ ಕಂಪನಿಗಳೇ ಆದ್ದರಿಂದ ಈ ಭಾಗದ ಹಳೆಯ ಮನೆಗಳ ನೆಲಮಾಳಿಗೆಗಳಲ್ಲಿ ಇಂಥ ಯಂತ್ರಗಳು ಈಗಲೂ ಸಿಗುತ್ತವೆ.

ನಮ್ಮ ಯಂತ್ರದಲ್ಲಿ ಆಟದ ಹಲಗೆಯ ಅಡಿಯ ಫ್ಯೂಸ್ 1 ಆಂಪಿಯರ್ ಸ್ಲೋ-ಬ್ಲೋ (ಕ್ಷಣಕಾಲದ ಹೆಚ್ಚು ಕರೆಂಟನ್ನು ತಾಳಿಕೊಳ್ಳುವ ಬಗೆಯದು) ಇರಬೇಕಿತ್ತು. ಇದ್ದದ್ದು 10 ಆಂಪಿಯರ್. ಪಕ್ಕದಲ್ಲಿ ಒಂದು ಬಂಪರ್‌ನ (ತಾಗಿದ ಗುಂಡನ್ನು ಚಿಮ್ಮಿಸುವ ಭಾಗ) ಕಾಯಿಲ್, ಅಂದರೆ ಕಬ್ಬಿಣದ ಕಡ್ಡಿಯನ್ನು ಎಳೆಯುವ ತಂತಿಯ ಸುರುಳಿ, ಕಂದು ಬಣ್ಣಕ್ಕೆ ತಿರುಗಿತ್ತು, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕಬ್ಬಿಣದ ಕಡ್ಡಿಗೆ ಅಂಟಿತ್ತು. ಲೆಕ್ಕ ಬಹಳ ಸರಳ. ಕಾಯಿಲ್‌ಗೆ ಬರುವುದು 43 ವೋಲ್ಟ್ ಡಿಸಿ, ಅದರ ರೋಧ ಸುಮಾರು 10 ಓಮ್ ಎಂದುಕೊಳ್ಳೋಣ. ಹರಿಯುವ ಕರೆಂಟು 4 ಆಂಪಿಯರ್‌ಗೂ ಹೆಚ್ಚು, ಹುಟ್ಟುವ ಶಾಖ ಸುಮಾರು 185 ವಾಟ್. ಕ್ಷಣಮಾತ್ರ ಎಳೆದು ಬಿಡಬೇಕಾದ ಕಾಯಿಲ್ ಅದು. ಬಿಡದೆ ಹಿಡಿದುಕೊಂಡರೆ 1 ಆಂಪಿಯರ್ ಫ್ಯೂಸ್ ಬೇಗನೆ ಸುಟ್ಟು ಅದನ್ನು ಉಳಿಸುತ್ತದೆ. 10 ಆಂಪಿಯರ್‌ನದು ಸುಡುವುದೇ ಇಲ್ಲ, ಕಾಯಿಲ್ ಬೇಯುತ್ತಲೇ ಇರುತ್ತದೆ.

ಕಾಯಿಲ್ ಬಿಡದೆ ಹಿಡಿದದ್ದೇಕೆ? ಸ್ವಿಚ್ಚಿನಂತೆ ಅದರ ಕರೆಂಟನ್ನು ಹರಿಸಿ ನಿಲ್ಲಿಸುವ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. ಪ್ಲಗ್ ಕಿತ್ತು, ಮೀಟರಿನ ಒಂದು ತುದಿಯನ್ನು ಗ್ರೌಂಡಿಗೂ ಇನ್ನೊಂದನ್ನು ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೂ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ ತೋರಿಸಿತು. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಹೊಸ ಟ್ರಾನ್ಸಿಸ್ಟರ್ ಹಾಕುತ್ತಾರೆ, ಅದೂ ಹೋಗುತ್ತದೆ. ಮೂಲ ಕಾರಣ ಕಾಯಿಲ್‌ಗೆ ತಂತಿ ಬೆಸೆಯುವ ಎರಡು ಕಿವಿಗಳ ನಡುವಿನ ಪುಟ್ಟ ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಬಂಪರ್‌ನ ಅದುರಾಟಕ್ಕೆ ಅದರ ಕಾಲು ತುಂಡಾಗಿತ್ತು. ಕರೆಂಟು ನಿಂತ ಕ್ಷಣ ಕಾಯಿಲ್ ಹಿಮ್ಮುಖವಾಗಿ ಎಸೆಯುವ ವೋಲ್ಟೇಜನ್ನು ಡಯೋಡ್ ನುಂಗಬೇಕು. ಅದಿಲ್ಲದಿದ್ದರೆ ಪೆಟ್ಟು ಟ್ರಾನ್ಸಿಸ್ಟರ್‌ಗೆ. ಡಯೋಡ್, ಕಾಯಿಲ್, ಟ್ರಾನ್ಸಿಸ್ಟರ್ ಮೂರನ್ನೂ ಬದಲಿಸಿ 1 ಆಂಪಿಯರ್ ಫ್ಯೂಸ್ ಹಾಕಿದ ಮೇಲೆ ಯಂತ್ರ ನಡೆಯುತ್ತಿದೆ. ಡಯೋಡಿನ ಪಟ್ಟೆ ಇರುವ ತುದಿ 43 ವೋಲ್ಟ್ ಬರುವ ಕಡೆಗೇ ಇರಬೇಕು, ತಿರುಗಿಸಿ ಹಾಕಿದರೆ ಮತ್ತೆ ಶಾರ್ಟ್.

ಫ್ಯೂಸ್ ಹೋದದ್ದನ್ನು ಗುರುತಿಸಲು ಬಾರದೆ, ಯಂತ್ರದ ಆಟವನ್ನು ನಡೆಸುವ ಒಳ್ಳೆಯ ಕಂಪ್ಯೂಟರ್ ಬೋರ್ಡನ್ನೇ ಎಸೆಯುವವರೂ ಇದ್ದಾರೆ. ಈ ಬೋರ್ಡು ಚಾಲೂ ಆಗುವಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತ ಎಲ್‌ಇಡಿ ದೀಪವನ್ನು 7 ಬಾರಿ ಮಿನುಗಿಸುತ್ತದೆ. ಏಳನೆಯ ಮಿನುಗು ಬರಲು ಆ 43 ವೋಲ್ಟ್ ಇರಲೇಬೇಕು. ಅದರ ಮುಖ್ಯ ಫ್ಯೂಸ್ ಹೋಗಿದ್ದರೆ ದೀಪ ಆರಕ್ಕೇ ನಿಲ್ಲುತ್ತದೆ, ಬೋರ್ಡು ಸತ್ತಿದೆ ಎಂದು ಜನ ಹೊಸದಕ್ಕೆ ದುಡ್ಡು ಸುರಿಯುತ್ತಾರೆ.

ರೇಡಿಯೊಗೂ ನಿಯಮ ಬೇರೆಯಿಲ್ಲ. ಫ್ಯೂಸ್ ಮತ್ತೆ ಮತ್ತೆ ಹೋದರೆ ನಮ್ಮ ಊರಿನ ಯಾವ ಎಲೆಕ್ಟ್ರಿಷಿಯನ್ ಬಳಿಯೂ ಇರುವ ಸೀರೀಸ್ ಬಲ್ಬ್ ಸಾಕು. 60 ವಾಟಿನ ಹಳೆಯ ತಂತಿ ಬಲ್ಬನ್ನು ರೇಡಿಯೊಗೆ ಹೋಗುವ ಕರೆಂಟು ಅದರ ಮೂಲಕವೇ ಹಾಯುವಂತೆ ಸಾಲಿನಲ್ಲಿ ಸೇರಿಸಿ ಸ್ವಿಚ್ ಹಾಕಿ. ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ. ರೆಕ್ಟಿಫೈಯರ್, ಫಿಲ್ಟರ್ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳನ್ನು ಒಂದೊಂದಾಗಿ ನೋಡಿ. ಬಲ್ಬ್ ಇದ್ದರೂ ಶಾಕ್ ಹೊಡೆಯುತ್ತದೆ. ಕೆಲವು ಹಳೆಯ ರೇಡಿಯೊಗಳ ಚಾಸಿಯೇ (ಒಳಗಿನ ಲೋಹದ ಚೌಕಟ್ಟು) ಮೈನ್‌ಗೆ ನೇರ ಸೇರಿರುತ್ತದೆ, ಆದ್ದರಿಂದ ಪ್ಲಗ್ ಕೀಳದೆ ಕೈಹಾಕಬಾರದು.

ಆ ಲೇಖನವನ್ನು ಕತ್ತರಿಸಿ ಇಟ್ಟುಕೊಂಡವರು ಖಂಡಿತ ಇದ್ದಾರೆ. ಅವರ ಮನೆಗಳಲ್ಲಿ ಮಕ್ಕಳೂ ಇದ್ದಾರೆ. ಅದೇ ಪುರವಣಿಯಲ್ಲಿ, ಕಣ್ಣಿಗೆ ಬೀಳುವ ಹಾಗೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗ,
ನೇಪರ್‌ವಿಲ್, ಇಲಿನಾಯ್