ಕೆಂಡದ ಮೇಲೆ ಮಣ್ಣೆಳೆದರೆ ಬೆಂಕಿ ಆರುವುದಿಲ್ಲ

ಮಾನ್ಯರೇ,

ಸಂಕ್ರಾಂತಿ ಕಳೆದ ಮೇಲೆ ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಚಾದ್ರಿ ಸುತ್ತಲಿನ ಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ಮಳೆ ಬೀಳುವ ತನಕ ಅಲ್ಲಿಗೆ ಒಂದು ಕಿಡಿ ಸಾಕು. ನಮ್ಮ ಕಾಡುಗಳಲ್ಲಿ ತಾನಾಗಿ ಬೆಂಕಿ ಹುಟ್ಟುವುದು ತೀರಾ ಅಪರೂಪ. ಗೊತ್ತಿದ್ದೋ ಗೊತ್ತಿಲ್ಲದೆಯೋ ಹಚ್ಚುವವರು ಮನುಷ್ಯರೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸುಟ್ಟಿದ್ದು ಯಾರೂ ಮರೆಯುವಂಥದ್ದಲ್ಲ.

ಕಾಡಿನೊಳಗೆ, ಹುಲ್ಲುಗಾವಲಿನಲ್ಲಿ ಈ ತಿಂಗಳುಗಳಲ್ಲಿ ಒಲೆ ಹೂಡಲೇಬಾರದು. ಬೆಟ್ಟದ ಗುಡಿಯ ಮುಂದೆ ಕರ್ಪೂರ ಹಚ್ಚುವುದೂ ಬೇಡ. ಹೋಂಸ್ಟೇ ಅಂಗಳದಲ್ಲಿ ಕ್ಯಾಂಪ್‌ಫೈರ್ ಮಾಡುವವರು ಮೊದಲು ಸುತ್ತ ಹತ್ತು ಅಡಿ ತರಗೆಲೆ ಗುಡಿಸಿ ಬರಿ ಮಣ್ಣು ಕಾಣುವಂತೆ ಮಾಡಲಿ. ಮೇಲೆ ಕೊಂಬೆ ಚಾಚಿರಬಾರದು. ಎರಡು ಕೊಡ ನೀರು ಪಕ್ಕದಲ್ಲೇ ಇರಲಿ. ಒಣ ಬಿದಿರು ಹಾಕಬೇಡಿ, ಗಂಟಿನೊಳಗಿನ ಗಾಳಿ ಕಾದು ಸಿಡಿದಾಗ ಕೆಂಡ ದೂರ ಹಾರುತ್ತದೆ. ಗಾಳಿಯಿದ್ದ ದಿನ ಬೆಂಕಿಯೇ ಬೇಡ.

ಹೆಚ್ಚಿನವರು ಎಡವುವುದು ಆರಿಸುವಾಗ. ಮಣ್ಣೆಳೆದು ಮಲಗಿಬಿಡುತ್ತಾರೆ. ಮಣ್ಣಿನಡಿಯ ಕೆಂಡ ಬೂದಿ ಹೊದ್ದು ತಾಸುಗಟ್ಟಲೆ ಉರಿಯುತ್ತದೆ, ಒಣಬೇರು ಸಿಕ್ಕರೆ ಅದನ್ನು ಹಿಡಿದು ಮುಂದೆ ಸಾಗುತ್ತದೆ. ಮರುದಿನ ಮಧ್ಯಾಹ್ನದ ಗಾಳಿಗೆ ಮತ್ತೆ ಏಳುತ್ತದೆ, ಅಷ್ಟರಲ್ಲಿ ಅತಿಥಿಗಳು ಊರು ಬಿಟ್ಟಿರುತ್ತಾರೆ. ಆದ್ದರಿಂದ ಮಲಗುವ ಒಂದು ತಾಸು ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ. ನೀರು ಸುರಿದು, ಕೋಲಿನಿಂದ ಕೆದಕಿ, ಕೊಳ್ಳಿಗಳನ್ನು ಮಗುಚಿ ಮತ್ತೆ ಸುರಿಯಿರಿ. ಚುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಅಂಗೈ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿಯಿರಿ. ಬಿಸಿ ತಾಗಿದರೆ ಇನ್ನೊಂದು ಕೊಡ ಬೇಕು.

ಬೀಡಿ, ಸಿಗರೇಟಿನ ತುಂಡನ್ನು ಡಬ್ಬಿಯಲ್ಲಿ ಹಾಕಿ ವಾಪಸ್ ತನ್ನಿ. ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ಕಾರು, ಬೈಕು ನಿಲ್ಲಿಸಬೇಡಿ. ಕಾದ ಸೈಲೆನ್ಸರ್‌ಗೂ ಹುಲ್ಲು ಹತ್ತುತ್ತದೆ.

ಬೆಂಕಿ ಕಂಡರೆ ಏರು ಹತ್ತಿ ಓಡಬಾರದು. ಜ್ವಾಲೆ ಮೇಲ್ಮುಖವಾಗಿ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಅದು ಏರಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಹೋಗುತ್ತದೆ. ಬರಿ ಬಂಡೆ, ರಸ್ತೆ, ಹಳ್ಳ ಅಥವಾ ಆಗಲೇ ಸುಟ್ಟು ತಣ್ಣಗಾದ ಜಾಗಕ್ಕೆ ಹೋಗಿ, ಹೊಗೆಗೆ ಒದ್ದೆ ಹತ್ತಿಬಟ್ಟೆ ಮೂಗಿಗೆ ಕಟ್ಟಿ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಗುಡ್ಡದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಜೀವ ಕಳೆದುಕೊಂಡರು.

ಹುಲ್ಲುಗುಡ್ಡಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಮರಗಳ ತೆಳು ತೊಗಟೆ ಬೆಂಕಿ ತಡೆಯದು. ಅಂಚಿನ ಮರ ಸತ್ತ ಜಾಗದಲ್ಲಿ ಲಂಟಾನ ಎಂಬ ಕಳೆಪೊದೆ ಬೆಳೆದು ಮುಂದಿನ ಬೇಸಿಗೆಗೆ ಇನ್ನಷ್ಟು ಸೌದೆಯಾಗುತ್ತದೆ. ಅರಣ್ಯ ಇಲಾಖೆ ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ತಪಾಸಣೆ ಮಾಡುವಂತೆಯೇ ಜನವರಿಯಿಂದ ಮೇ ತನಕ ಬೆಂಕಿಪೊಟ್ಟಣ, ಲೈಟರ್‌ಗಳನ್ನೂ ಇಳಿಸಿಕೊಳ್ಳಲಿ. ಹೋಂಸ್ಟೇಗಳು ಇದೇ ಅವಧಿಗೆ ಕ್ಯಾಂಪ್‌ಫೈರನ್ನು ಜಾಹೀರಾತಿನಿಂದ ತೆಗೆಯುವಂತೆ ಪ್ರವಾಸೋದ್ಯಮ ಇಲಾಖೆ ಸೂಚಿಸಲಿ.

– ಚಾರಣಾಸಕ್ತರು, ಚಿಕ್ಕಮಗಳೂರು