ಬ್ಯಾಗ್ ಪ್ಯಾಕ್ ಮಾಡೋ ಮುಂಚೆ ಇದನ್ನ ಓದಕ್ಕ

ಅಕ್ಕಾ,

ಹೇಗಿದೀಯ, ಟಿಕೆಟ್ ಮೇಲ್ ಬಂತಾ? ನೀವು ಮೂರೂ ಜನ ಸಿಂಗಾಪುರಕ್ಕೆ ಬರ್ತಿದೀರ ಅನ್ನೋದು ನಂಗಿನ್ನೂ ನಂಬಕ್ಕಾಗ್ತಿಲ್ಲ, ದಿನ ಎಣಿಸ್ತಾ ಕೂತಿದೀನಿ. ನಿನ್ನೆ ಫೋನಲ್ಲಿ ಭಾವ "ಎರಡು ಬಾಟ್ಲು ವಿಸ್ಕಿ, ಒಂದು ಕಾರ್ಟನ್ ಸಿಗರೇಟು ಹಿಡ್ಕೊಂಡು ಬರ್ತೀನಿ" ಅಂದ್ರಲ್ಲ, ಆಗ ನಾನು ಆಫೀಸಲ್ಲಿದ್ದೆ, ಸರಿಯಾಗಿ ಹೇಳಕ್ಕಾಗ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ. ಭಾವಂಗೂ ಅಪ್ಪಂಗೂ ಓದಿ ಹೇಳು.

ಮೊದಲು ಸಿಗರೇಟಿನ ವಿಷಯ. ಇಲ್ಲಿಗೆ ತರೋ ಸಿಗರೇಟಿಗೆ ಡ್ಯೂಟಿ ಫ್ರೀ, ಅಂದ್ರೆ ಟ್ಯಾಕ್ಸ್ ಇಲ್ದೇ ಇಷ್ಟು ತರ್ಬೋದು ಅನ್ನೋದೇ ಇಲ್ಲ ಅಕ್ಕ. ಕಮ್ಮಿ ಇದೆ ಅಂತಲ್ಲ, ಇಲ್ಲವೇ ಇಲ್ಲ. ಬೇರೆ ಎಷ್ಟೋ ದೇಶಗಳಲ್ಲಿ 200 ಸಿಗರೇಟು ಬಿಡ್ತಾರೆ, ಅಂದ್ರೆ ಪೂರ್ತಿ ಒಂದು ಕಾರ್ಟನ್, ಅದಕ್ಕೇ ಎಲ್ಲಾ ಕಡೆ ಹಾಗೇ ಅಂದ್ಕೊಂಡ್ಬಿಡ್ತೀವಿ. ಇಲ್ಲಿ ಮೊದಲನೇ ಸಿಗರೇಟಿಂದಾನೇ ಟ್ಯಾಕ್ಸ್, ಅದೂ ಒಂದೊಂದಕ್ಕೂ ಲೆಕ್ಕ ಹಾಕಿ. ಜೇಬಲ್ಲಿರೋ ಒಡೆದ ಪ್ಯಾಕೂ ಲೆಕ್ಕಕ್ಕೆ ಬರುತ್ತೆ, ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡೀಲಿ ತಗೊಂಡಿದ್ದೂ ಬರುತ್ತೆ. ಅಂಗಡಿ ಬೋರ್ಡಲ್ಲಿ ಡ್ಯೂಟಿ ಫ್ರೀ ಅಂತಿದ್ರೆ ಅದು ಆ ಅಂಗಡಿ ಮಟ್ಟಿಗೆ ಅಷ್ಟೇ, ಇಳಿಯೋ ದೇಶದವರು ಅದನ್ನ ಒಪ್ಕೋಬೇಕು ಅಂತೇನಿಲ್ಲ.

ಇದನ್ನ ಇಷ್ಟು ಒತ್ತಿ ಯಾಕೆ ಹೇಳ್ತೀನಿ ಅಂದ್ರೆ ನಾನೇ ಸಿಕ್ಕಾಕ್ಕೊಂಡಿದೀನಿ. ಮನೇಲಿ ಯಾರಿಗೂ ಹೇಳಿರ್ಲಿಲ್ಲ. ಮೊದಲನೇ ಸಲ ಬಂದಾಗ ಫ್ರೆಂಡಿಗೆ ಅಂತ ಎರಡು ಪ್ಯಾಕ್ ತಂದಿದ್ದೆ, ಎರಡೇ ತಾನೇ ಅಂದ್ಕೊಂಡು ಗ್ರೀನ್ ಚಾನೆಲಲ್ಲಿ, ಅಂದ್ರೆ ಹೇಳೋಕೇನೂ ಇಲ್ಲ ಅನ್ನೋರ ದಾರೀಲಿ ನಡ್ಕೊಂಡು ಹೊರಟೆ, ಕಸ್ಟಮ್ಸ್‌ನವರೊಬ್ಬರು ಕರೆದು ಬ್ಯಾಗ್ ಸ್ಕ್ಯಾನರಿಗೆ ಹಾಕಿಸಿದ್ರು, ಪ್ಯಾಕ್ ಎರಡೂ ಮೇಜಿನ ಮೇಲೆ ಬಂತು. ಅವರು ಗದರಲಿಲ್ಲ, ಕೂಗಾಡಲಿಲ್ಲ, "ರೆಡ್ ಚಾನೆಲಿಗೆ ಬಂದು ಹೇಳಿದ್ರೆ ಟ್ಯಾಕ್ಸ್ ಕಟ್ಟಿ ತಗೊಂಡು ಹೋಗ್ಬೋದಿತ್ತು, ಈಗ ದಂಡ ಕಟ್ಬೇಕು" ಅಂದ್ರು ಅಷ್ಟೇ. ಹೊಸ ಕೆಲಸ, ಇನ್ನೂ ಸೇರೇ ಇಲ್ಲ, ವೀಸಾ ಏನಾಗುತ್ತೋ ಅಂತ ಕೈ ನಡುಗ್ತಿತ್ತು. ಆ ಅರ್ಧ ಗಂಟೆ ಅಪ್ಪ ಅನುಭವಿಸೋದು ನಂಗೆ ಬೇಡ.

ಅಪ್ಪನ ವಿಷಯಾನೇ ಎಲ್ಲಕ್ಕಿಂತ ಮುಖ್ಯ. ಅವರ ಕಡ್ಡಿಪುಡಿ, ಹೊಗೆಸೊಪ್ಪು ಯಾವುದೂ ಬರೋ ಹಾಗಿಲ್ಲ. ಇದು ಟ್ಯಾಕ್ಸ್ ಕಟ್ಟಿ ತರೋ ವಿಷಯ ಅಲ್ಲ, ಅಗಿಯೋ ತಂಬಾಕು ಸಿಂಗಾಪುರದಲ್ಲಿ ನಿಷೇಧ, ಗುಟ್ಕಾ ಖೈನಿ ಎಲ್ಲಾ ಸೇರಿ. ಅವರು ಶರಟಿನ ಜೇಬಲ್ಲಿ, ಹ್ಯಾಂಡ್ ಬ್ಯಾಗಿನ ಸೈಡಲ್ಲಿ ಒಂದೊಂದು ಪೊಟ್ಟಣ ಇಟ್ಕೊಂಡು ಮರ್ತೇ ಹೋಗಿರ್ತಾರೆ, ಹೊರಡೋ ದಿನ ನೀನೇ ಎಲ್ಲಾ ಜೇಬು ನೋಡ್ಬಿಡು. ಹತ್ತು ದಿನ ಅದಿಲ್ದೇ ಇರೋದು ಅವರಿಗೆ ಕಷ್ಟ ಅಂತ ಗೊತ್ತು, ಈಗಿಂದಾನೇ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಸು, ಡಾಕ್ಟರ್ ಹತ್ರಾನೂ ಒಂದ್ಸಲ ಕೇಳು. ಹಾಗೇ ಭಾವನ ತಮ್ಮ ವೇಪ್ ಕೊಟ್ಟು ಕಳಿಸ್ತೀನಿ ಅಂದಿದ್ದನಂತೆ, ದಯವಿಟ್ಟು ಬೇಡ. ಇ-ಸಿಗರೇಟು ಇಲ್ಲಿ ಇಟ್ಕೊಳ್ಳೋದೇ ಅಪರಾಧ, 2025ರ ಸೆಪ್ಟೆಂಬರಿಂದ ಇನ್ನೂ ಬಿಗಿ ಮಾಡಿದಾರೆ. ನಮ್ಮ ದೇಶದಲ್ಲೂ 2019ರಿಂದ ನಿಷೇಧಾನೇ.

ಈಗ ವಿಸ್ಕಿ. ಭಾವ ದುಬೈಗೆ ಹೋದಾಗ ಯಾರೂ ಕೇಳಲಿಲ್ಲ ಅಂದ್ರು, ಅಲ್ಲಿ 4 ಲೀಟರ್ ತನಕ ಬಿಡ್ತಾರೆ, ಇನ್ನು ಕೇಳೋದೇನು. ಅದೇ ಕುವೈತಿಗೆ ಹೋಗಿದ್ರೆ ಒಂದು ಹನಿನೂ ಬಿಡ್ತಿರ್ಲಿಲ್ಲ. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಇಲ್ಲಿ 18 ತುಂಬಿದವರಿಗೆ ಟ್ಯಾಕ್ಸ್ ಇಲ್ದೇ ಒಟ್ಟು 2 ಲೀಟರ್, ಆದ್ರೆ ವಿಸ್ಕಿ ಬ್ರಾಂದಿ ರಮ್ ಥರದ್ದು ಅದರಲ್ಲಿ 1 ಲೀಟರ್ ಮಾತ್ರ, ಮಿಕ್ಕ 1 ಲೀಟರ್ ವೈನೋ ಬಿಯರೋ ಆಗಿರ್ಬೇಕು. ಭಾವ ಹೇಳಿದ ಎರಡು ಬಾಟ್ಲು 750 ಎಂಎಲ್‌ದಾದ್ರೂ ಒಂದೂವರೆ ಲೀಟರ್ ಆಯ್ತು, ಮೀರಿತು. ಒಂದು ಬಾಟ್ಲು ಅಪ್ಪನ ಹೆಸರಲ್ಲಿ ಅಂತ ಭಾವ ಹೇಳಿದ್ರೆ ಒಪ್ಕೋಬೇಡ, ರಿಯಾಯಿತಿ ಇರೋದು ತಂದೋರು ತಾವೇ ಕುಡಿಯಕ್ಕೆ, ಅಪ್ಪ ಕುಡಿಯಲ್ಲ, ಯಾರಾದ್ರೂ ಕೇಳಿದ್ರೆ ಅವರಿಗೆ ಸುಳ್ಳು ಹೇಳಕ್ಕೂ ಬರಲ್ಲ. ಒಂದು ಲೀಟರ್ ಬಾಟ್ಲು ಒಂದು ಸಾಕು.

ಬಾಟ್ಲು ಸೆಕ್ಯೂರಿಟಿ ದಾಟಿದ ಮೇಲೆ ತಗೊಂಡ್ರೆ ಅಂಗಡಿಯವರು ಸೀಲ್ ಮಾಡಿದ ಪ್ಲಾಸ್ಟಿಕ್ ಕವರಲ್ಲಿ ಕೊಡ್ತಾರೆ, ಬಿಲ್ಲೂ ಅದರೊಳಗೇ ಇರುತ್ತೆ, ಇಲ್ಲಿ ಬರೋ ತನಕ ಬಿಚ್ಚಬೇಡಿ.

ಇಲ್ಲಿಂದ ಒಂದು ದಿನ ಜೊಹೋರ್ ಬಾರುಗೆ ಕರ್ಕೊಂಡು ಹೋಗ್ತೀನಿ, ಸೇತುವೆ ದಾಟಿದ್ರೆ ಮಲೇಷ್ಯಾ. ಆದ್ರೆ ವಾಪಸ್ ಬರುವಾಗ ಅಲ್ಲಿಂದ ಬಾಟ್ಲು ತಂದ್ರೆ ರಿಯಾಯಿತಿ ಇಲ್ಲ, ಮಲೇಷ್ಯಾದಿಂದ ಬರೋರಿಗೆ ಆ ಲೆಕ್ಕಾನೇ ಕೊಡಲ್ಲ, ಜೊತೆಗೆ 48 ಗಂಟೆ ಸಿಂಗಾಪುರದ ಹೊರಗೆ ಇದ್ದಿರ್ಬೇಕು ಅಂತ ಬೇರೆ ಇದೆ.

ನೀವು ವಾಪಸ್ ಹೋಗುವಾಗ ಭಾರತದ ನಿಯಮ. ತಲೆಗೆ 2 ಲೀಟರ್, ವಿಸ್ಕಿನೋ ವೈನೋ ಬಿಯರೋ ಭೇದ ಇಲ್ಲ. ಸಿಗರೇಟು 100 ಮಾತ್ರ, ಅಂದ್ರೆ ಅರ್ಧ ಕಾರ್ಟನ್, ಅದನ್ನ ಭಾವಂಗೆ ಎರಡು ಸಲ ಹೇಳು. ಒಬ್ಬರ ಪಾಲನ್ನ ಇನ್ನೊಬ್ಬರದಕ್ಕೆ ಸೇರಿಸಿ ಲೆಕ್ಕ ಹಾಕೋ ಹಾಗಿಲ್ಲ. ಬೆಂಗಳೂರಲ್ಲಿ ಇಳಿದ ಮೇಲೆ ಅಲ್ಲಿನ ಡ್ಯೂಟಿ ಫ್ರೀಲಿ ತಗೊಂಡ್ರೂ ಅದೇ 2 ಲೀಟರ್ ಒಳಗೇ.

ಏನಾದ್ರೂ ಜಾಸ್ತಿ ಆಗಿದೆ ಅನ್ನಿಸಿದ್ರೆ, ಅಥವಾ ಅಪ್ಪನ ಜೇಬಿಂದ ಕೊನೇ ಗಳಿಗೇಲಿ ಪೊಟ್ಟಣ ಹೊರಗೆ ಬಂದ್ರೆ, ಬಚ್ಚಿಡಬೇಡಿ, ಸೀದಾ ರೆಡ್ ಚಾನೆಲಿಗೆ ಹೋಗಿ ಅವರು ಕೇಳೋ ಮುಂಚೆ ನೀವೇ ಹೇಳಿ. ಅಲ್ಲಿಗೆ ಹೋದ್ರೆ ಮರ್ಯಾದೆ ಹೋಗುತ್ತೆ ಅಂತ ಅಪ್ಪ ಅಂದ್ಕೋಬಾರದು, ಅದು ಕಳ್ಳರ ದಾರಿ ಅಲ್ಲ, ಇರೋದನ್ನ ಹೇಳೋರ ದಾರಿ. ಎಷ್ಟು ಹೊತ್ತಾದ್ರೂ ನಾನು ಗೇಟ್ ಹೊರಗೇ ಇರ್ತೀನಿ. ಬ್ಯಾಗ್ ಕೈಗೆ ಬಂದ ತಕ್ಷಣ ಏರ್‌ಪೋರ್ಟ್ ವೈಫೈ ಹಾಕ್ಕೊಂಡು ಒಂದು ಮೆಸೇಜ್ ಮಾಡು.

ನಿನ್ನ ತಮ್ಮ